ಬೀದರ್–ಬೆಂಗಳೂರು: ಒಂದು ದೂರದ ಚರಿತ್ರೆ

ಬೀದರ್ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಎರಡೂ ಊರುಗಳು 77 ಡಿಗ್ರಿ 30 ಮಿನಿಟಿನ ಆಚೀಚೆ ಬರುತ್ತವೆ. ನಕಾಶೆಯಲ್ಲಿ ಬೀದರ್ ಕೋಟೆಯಿಂದ ತೆಂಕಣಕ್ಕೆ ನೆಟ್ಟಗೆ ಗೆರೆ ಎಳೆದರೆ ಅದು ಬೆಂಗಳೂರಿನ ಪಡುವಣ ಅಂಚಿಗೆ ಬಂದು ಮುಟ್ಟುತ್ತದೆ. ಊರಿಂದ ಊರಿಗೆ ಆ ಗೆರೆಯ ಉದ್ದ ಸುಮಾರು 545 ಕಿಲೋಮೀಟರ್. ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಅಳೆದರೆ ಸುಮಾರು 520, ಏಕೆಂದರೆ ದೇವನಹಳ್ಳಿಯ ನಿಲ್ದಾಣ ಬೆಂಗಳೂರಿನ ಉತ್ತರಕ್ಕೆ, ಬೀದರ್ ಕಡೆಗೇ ಸರಿದು ನಿಂತಿದೆ. ರಸ್ತೆಯ ಮೇಲೆ ಇದೇ ದೂರ 700 ಕಿಲೋಮೀಟರಿನ ಆಸುಪಾಸಿಗೆ ಏರುತ್ತದೆ.

ಈ ನೇರ ಗೆರೆ ಬಹುಪಾಲು ಕರ್ನಾಟಕದ ಮೇಲೆ ಹಾಯುವುದೇ ಇಲ್ಲ. ಬೀದರ್ ತಾಲ್ಲೂಕು ದಾಟಿದ ಸ್ವಲ್ಪ ಹೊತ್ತಿಗೇ ಅದು ಜಹೀರಾಬಾದ್, ತಾಂಡೂರು, ನಾರಾಯಣಪೇಟೆಗಳ ಸೀಮೆಗೆ ಬೀಳುತ್ತದೆ. ರಾಯಚೂರಿನ ಪೂರ್ವದಲ್ಲಿ ಕೃಷ್ಣೆಯನ್ನು ದಾಟಿ, ಎಮ್ಮಿಗನೂರು, ಗುತ್ತಿ, ಅನಂತಪುರ, ಪೆನುಕೊಂಡೆಗಳ ಮಗ್ಗುಲಿಗೆ ಇಳಿದು, ಗೌರಿಬಿದನೂರಿನ ಬಳಿ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ‘ಬೀದರ್‌ನಿಂದ ಚಾಮರಾಜನಗರದವರೆಗೆ’ ಎಂಬ ಮಾತನ್ನು ಭಾಷಣಗಳಲ್ಲಿ ಸಲೀಸಾಗಿ ಆಡಲಾಗುತ್ತದೆ. ಆ ಹಾದಿಯನ್ನು ನೇರವಾಗಿ ಹಿಡಿದವರು ಎರಡು ಪರರಾಜ್ಯಗಳನ್ನು ಹಾಯ್ದೇ ಹೋಗಬೇಕು.

ಹಳೆಯ ಕಾಲದಲ್ಲಿ ಈ ಭಾಗದವರು ದೂರವನ್ನು ನಡಿಗೆಯಿಂದ ಎಣಿಸುತ್ತಿದ್ದರು. ಕೂಗು ಕೇಳಿಸುವಷ್ಟು ಕೂಗಳತೆ, ಅದಕ್ಕೂ ಮೇಲೆ ಹರದಾರಿ, ಗಾವುದ. ಸುಲ್ತಾನರ, ಆಮೇಲೆ ನಿಜಾಮರ ಆಳ್ವಿಕೆಯಲ್ಲಿ ಕೋಸು ರೂಢಿಗೆ ಬಂತು. ಅದು ಎರಡು ಮೈಲಿಗೆ ಹತ್ತಿರದ ಅಳತೆ, ಸೀಮೆಯಿಂದ ಸೀಮೆಗೆ ಹಿಗ್ಗುತ್ತ ಕುಗ್ಗುತ್ತ ಇತ್ತು. ಒಂದು ದಿನದ ಪಯಣ ಒಂದು ಮಜಲು. ಬೀದರ್ ನಗರದಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ, ದೊಡ್ಡ ಕೆರೆಯ ಕಮಠಾಣ ಈ ಲೆಕ್ಕದಲ್ಲಿ ಕೋಟೆಯಿಂದ ಮೂರು ಕೋಸು ದೂರ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟವನು ಪೇಟೆಯ ಕೆಲಸ ಮುಗಿಸಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ದೂರ ಅದು.

ಬೀದರ್‌ಗೆ ಬಂದ ದೂರದ ಪಯಣಿಗರಲ್ಲಿ ದಾರಿಯ ಲೆಕ್ಕ ಬರೆದಿಟ್ಟವನೆಂದರೆ ರಷ್ಯಾದ ತ್ವೇರ್ ನಗರದ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಸುಮಾರಿಗೆ ಒಂದು ಕುದುರೆಯನ್ನು ಮಾರಲೆಂದು ಹಿಡಿದುಕೊಂಡು ಕೊಂಕಣ ಕರಾವಳಿಯ ಚೌಲ್ ಬಂದರಿನಲ್ಲಿ ಇಳಿದ. ಜುನ್ನರಿನಲ್ಲಿ ಮಳೆಗಾಲ ಕಳೆದು ಬಹಮನಿ ರಾಜಧಾನಿಯಾದ ಬೀದರ್ ಕಡೆ ಹೊರಟ, ದಾರಿಯಲ್ಲಿ ಒಂದು ತಿಂಗಳು ಕಳೆದ. ಕುದುರೆ ಕೊನೆಗೆ ಮಾರಾಟವಾದದ್ದು ಬೀದರ್‌ನಲ್ಲೇ. ಅವನ ಬರಹದಲ್ಲಿ ಜುನ್ನರಿನಿಂದ ಬೀದರ್‌ಗೆ ನಲವತ್ತು ‘ಕೋವ್’, ಬೀದರ್‌ನಿಂದ ಕಲಬುರಗಿಗೆ ಒಂಬತ್ತು ‘ಕೋವ್’. ಇಂದಿನ ನಕಾಶೆಯಲ್ಲಿ ನೇರವಾಗಿ ಅಳೆದರೆ ಮೊದಲನೆಯದು ಸುಮಾರು 410 ಕಿಲೋಮೀಟರ್, ಎರಡನೆಯದು ಸುಮಾರು 98. ಭಾಗಿಸಿ ನೋಡಿದರೆ ಎರಡು ಕಡೆಯೂ ಒಂದು ಕೋವ್ ಹತ್ತು–ಹನ್ನೊಂದು ಕಿಲೋಮೀಟರಿಗೆ ಬರುತ್ತದೆ. ಭಾಷೆ ಗೊತ್ತಿಲ್ಲದ ನಾಡಿನಲ್ಲಿ, ದಾರಿಯಲ್ಲಿ ಸಿಕ್ಕವರನ್ನು ಕೇಳಿ ಬರೆದುಕೊಂಡ ಲೆಕ್ಕಕ್ಕೆ ಇದು ಸಾಮಾನ್ಯ ನಿಖರತೆಯಲ್ಲ. ಆದರೆ ಅವನ ಲೆಕ್ಕದಲ್ಲಿ ಬೆಂಗಳೂರು ಎಲ್ಲೂ ಇಲ್ಲ. ಕೆಂಪೇಗೌಡರು ಪೇಟೆ ಕಟ್ಟಲು ಇನ್ನೂ ಆರೇಳು ದಶಕ ಬೇಕಿತ್ತು. ಕಟ್ಟಿದ ಮೇಲೂ ಬೀದರ್‌ನವರಿಗೆ ಅತ್ತ ಹೋಗುವ ದರ್ದು ಬಹಳ ಕಾಲ ಬರಲಿಲ್ಲ.

ಹೀಗೆ ಯಾರಿಗೂ ಬೇಡದ ದೂರವನ್ನು ಅಂಗುಲದ ಲೆಕ್ಕಕ್ಕೆ ಅಳೆದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಕೈಗೆತ್ತಿಕೊಂಡ ತ್ರಿಕೋನಮಾಪನ ಸರ್ವೆ 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಶುರುವಾಯಿತು. ಇದರ ಬೆನ್ನೆಲುಬು ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ 78ನೆಯ ರೇಖಾಂಶದ ಹತ್ತಿರದಲ್ಲೇ ಸಾಗಿದ ಮಹಾಚಾಪ. ಅದರ ಹಾದಿ ಬೆಂಗಳೂರು, ಗುತ್ತಿ, ಬೀದರ್ ಎಂದೇ ಇತ್ತು, ಅಂದರೆ ಮೇಲೆ ಹೇಳಿದ ನೇರ ಗೆರೆಯೇ.

ಇದರ ಕೆಲಸದ ಬಗೆ ಸರಳ, ಶ್ರಮ ಮಾತ್ರ ಅಪಾರ. ಮೊದಲು ಸಮತಟ್ಟಾದ ನೆಲದಲ್ಲಿ ಏಳೆಂಟು ಮೈಲಿ ಉದ್ದದ ಒಂದು ಗೆರೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆಯಬೇಕು. ಬಿಸಿಲಿಗೆ ಸರಪಳಿ ಹಿಗ್ಗುವುದರಿಂದ ಅದನ್ನು ಉದ್ದನೆಯ ಪೆಟ್ಟಿಗೆಗಳಲ್ಲಿ ನೆರಳಿನಡಿ ಇಟ್ಟು, ಪ್ರತಿ ಸಲ ಉಷ್ಣಾಂಶ ಬರೆದುಕೊಳ್ಳಬೇಕು. ಇದು ಮೂಲರೇಖೆ. ಆಮೇಲೆ ನೆಲ ಅಳೆಯುವ ಕೆಲಸವಿಲ್ಲ. ರೇಖೆಯ ಎರಡು ತುದಿಗಳಿಂದ ದೂರದ ಗುಡ್ಡವನ್ನೋ ಗೋಪುರವನ್ನೋ ಗುರಿಯಿಟ್ಟು ಕೋನ ಹಿಡಿದರೆ ತ್ರಿಕೋನದ ಉಳಿದ ಬಾಹುಗಳು ಲೆಕ್ಕದಲ್ಲಿ ಸಿಗುತ್ತವೆ. ಆ ಬಾಹುವಿನ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಕೋನ ಹಿಡಿಯುವ ಥಿಯೋಡೊಲೈಟ್ ಯಂತ್ರ ಅರ್ಧ ಟನ್ ತೂಕದ್ದು. ಅದನ್ನು ಆಳುಗಳು ಹೊತ್ತು ಗುಡ್ಡ ಹತ್ತಿಸಬೇಕಿತ್ತು. ಸುಮಾರು ಇನ್ನೂರು ಮೈಲಿಗೊಮ್ಮೆ ಮತ್ತೆ ನೆಲಕ್ಕಿಳಿದು ಹೊಸ ಮೂಲರೇಖೆ ಅಳೆದು ತಾಳೆ ನೋಡುವುದು ಕ್ರಮ. ಬೆಂಗಳೂರಿನ ಬಳಿ 1804ರಲ್ಲಿ, ಗುತ್ತಿಯಲ್ಲಿ 1811ರಲ್ಲಿ, ಬೀದರ್ ಸಮೀಪದ ದಾಮರಗಿಡ್ಡದಲ್ಲಿ 1815ರಲ್ಲಿ ಹೀಗೆ ಮೂಲರೇಖೆಗಳನ್ನು ಅಳೆಯಲಾಯಿತು.

ದಾಮರಗಿಡ್ಡ ಇಂದು ಯಾರ ಬಾಯಲ್ಲೂ ಇಲ್ಲದ ಊರು. ಭೂಮಾಪನದ ಪುಸ್ತಕಗಳಲ್ಲಿ ಮಾತ್ರ ಅದರ ಹೆಸರು ಅಳಿಯುವಂತಿಲ್ಲ. ಲ್ಯಾಂಬ್ಟನ್ 1823ರ ಜನವರಿಯಲ್ಲಿ ಹಿಂಗನಘಾಟದಲ್ಲಿ ತೀರಿಕೊಂಡ. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ 1847ರಲ್ಲಿ ಪ್ರಕಟಿಸಿದ ವರದಿಯಲ್ಲಿ ಚಾಪದ ಉತ್ತರ ಭಾಗ ಆರಂಭವಾಗುವುದು ಇಲ್ಲಿಂದಲೇ, 18 ಡಿಗ್ರಿ 3 ಮಿನಿಟು 15 ಸೆಕೆಂಡ್ ಅಕ್ಷಾಂಶದಿಂದ. 1841ರಲ್ಲಿ ಆಂಡ್ರ್ಯೂ ವಾ ಎಂಬ ಅಧಿಕಾರಿ ಸರಪಳಿಯ ಬದಲು ಹೊಸ ಬಗೆಯ ಲೋಹದ ಪಟ್ಟಿಗಳನ್ನು ಹಿಡಿದು ಬೀದರ್ ಮೂಲರೇಖೆಯನ್ನು ಮತ್ತೊಮ್ಮೆ ಅಳೆದ. ಉತ್ತರದ ಸಿರೋಂಜ್‌ನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಕೆಲವೇ ಅಂಗುಲಗಳ ವ್ಯತ್ಯಾಸ ಬಂತು. ಅಷ್ಟು ನಿಖರವಾಗಿ ಅಳೆದ ಚಾಪದ ಮೇಲೆ ಬೆಂಗಳೂರು ಮತ್ತು ಬೀದರ್ ಎರಡು ಗಂಟುಗಳು. ಆದರೂ ಅವೆರಡರ ನಡುವೆ ಒಂದು ನೇರ ಸವಾರಿ ಇರಲಿಲ್ಲ, ಇರಬೇಕೆಂದು ಯಾರೂ ಕೇಳಲೂ ಇಲ್ಲ.

ಕೇಳದಿರಲು ಕಾರಣ ಹೈದರಾಬಾದ್. ಬೀದರ್‌ನಿಂದ ಅಲ್ಲಿಗೆ ನೇರ ದೂರ ಸುಮಾರು 117 ಕಿಲೋಮೀಟರ್. ನಿಜಾಮರ ಸಂಸ್ಥಾನದಲ್ಲಿ ಕಚೇರಿ, ಹೈಕೋರ್ಟು, ಆಸ್ಪತ್ರೆ, 1918ರಿಂದ ಉಸ್ಮಾನಿಯಾ ವಿಶ್ವವಿದ್ಯಾಲಯ, ಎಲ್ಲವೂ ಅಲ್ಲೇ. ವಾಡಿ–ಸಿಕಂದರಾಬಾದ್ ರೈಲು ಮಾರ್ಗ 1874ರಲ್ಲೇ ಆಗಿತ್ತು. ಅದರ ಮೇಲಿನ ವಿಕಾರಾಬಾದಿನಿಂದ ಬೀದರ್ ಕಡೆಗೆ ಕವಲು ಮಾರ್ಗ 1930ರ ಹೊತ್ತಿಗೆ ಬಂತು, ಮುಂದೆ ಭಾಲ್ಕಿ, ಕಮಲನಗರ, ಉದಗೀರ್ ಮೇಲೆ ಪರಳಿ ವೈಜನಾಥದವರೆಗೆ ಬೆಳೆಯಿತು. 1932ರ ಜೂನ್‌ನಲ್ಲಿ ನಿಜಾಮರ ರೈಲ್ವೆಯೇ 27 ಬಸ್ಸುಗಳನ್ನು ಹಿಡಿದು ಸರ್ಕಾರಿ ಬಸ್ ಸೇವೆ ಆರಂಭಿಸಿತು. ಬೀದರ್, ಭಾಲ್ಕಿ, ಔರಾದಿನ ಮಂದಿಗೆ ‘ಪಟ್ಟಣ’ ಎಂದರೆ ಹೈದರಾಬಾದು ಎಂಬ ಅರ್ಥ ಈ ಕಾಲದಲ್ಲಿ ಗಟ್ಟಿಯಾಯಿತು, ಇಂದಿಗೂ ಪೂರ್ತಿ ಸಡಿಲವಾಗಿಲ್ಲ.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಹೋಳಾಯಿತು. ಉದಗೀರ್, ಅಹಮದಪುರ, ನಿಲಂಗಾ ಕಡೆಯವು ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಸೀಮೆ ಮೈಸೂರು ರಾಜ್ಯಕ್ಕೆ ಬಂದವು. ರಾತ್ರಿ ಮಲಗಿ ಬೆಳಗಾಗುವಷ್ಟರಲ್ಲಿ ರಾಜಧಾನಿ ನೂರಹದಿನೇಳು ಕಿಲೋಮೀಟರಿನಿಂದ ಐನೂರಕ್ಕೂ ಮೀರಿದ ದೂರಕ್ಕೆ ಸರಿದಿತ್ತು. ಅದೇ ವರ್ಷ ಬೆಂಗಳೂರಿನಲ್ಲಿ ವಿಧಾನಸೌಧ ಕಟ್ಟಿ ಮುಗಿದಿತ್ತು. ಬೀದರ್–ಬೆಂಗಳೂರು ದೂರ ಒಂದು ಸಮಸ್ಯೆಯಾದದ್ದು ಈ ದಿನದಿಂದ ಎಂದರೆ ತಪ್ಪಿಲ್ಲ. ನೆಲ ಹಿಗ್ಗಿರಲಿಲ್ಲ, ಅರ್ಜಿ ಹಾಕುವ ಮೇಜು ದೂರ ಹೋಗಿತ್ತು.

ಆ ಮೇಜಿಗೆ ಹೋಗುವ ದಾರಿಯನ್ನು ಬೇರೊಂದು ಕಾಲದ, ಬೇರೆ ರಾಜಧಾನಿಗಳ ಅನುಕೂಲಕ್ಕೆ ಹಾಕಲಾಗಿತ್ತು. ಬೀದರ್‌ನಲ್ಲಿ ರೈಲು ಹತ್ತಿದವನು ಮೊದಲು ಆಗ್ನೇಯಕ್ಕೆ ವಿಕಾರಾಬಾದಿಗೆ ಹೋಗಿ, ಅಲ್ಲಿಂದ ನೈಋತ್ಯಕ್ಕೆ ವಾಡಿ, ರಾಯಚೂರು ಮೇಲೆ ಗುಂತಕಲ್ಲಿಗೆ ಬರಬೇಕು. ಗುಂತಕಲ್ಲಿನವರೆಗೆ ಬ್ರಾಡ್‌ಗೇಜ್, ಅಲ್ಲಿಂದ ಬೆಂಗಳೂರಿಗೆ ಮೀಟರ್‌ಗೇಜ್. ಹೋಲ್ಡಾಲು, ಟ್ರಂಕು, ಮಕ್ಕಳನ್ನು ಹೊತ್ತು ಪ್ಲಾಟ್‌ಫಾರಂ ಬದಲಿಸಿ ಸಣ್ಣ ಗಾಡಿ ಹಿಡಿಯಬೇಕಿತ್ತು. ಹೈದರಾಬಾದಿನ ಕಾಚಿಗುಡದಿಂದ ಕರ್ನೂಲು, ದ್ರೋಣಾಚಲಂ ಮೇಲೆ ಇನ್ನೊಂದು ಮೀಟರ್‌ಗೇಜ್ ದಾರಿಯೂ ಇತ್ತು, ಆದರೆ ಅದಕ್ಕೆ ಮೊದಲು ಹೈದರಾಬಾದ್ ಮುಟ್ಟಬೇಕು. ಗುಂತಕಲ್–ಬೆಂಗಳೂರು ಹಳಿ ಅಗಲವಾದದ್ದು 1980ರ ದಶಕದಲ್ಲಿ. ರಾಜ್ಯ ಏಕೀಕರಣವಾಗಿ ಕಾಲು ಶತಮಾನ ಕಳೆದರೂ ಹಳಿಗಳು ಏಕೀಕರಣಗೊಂಡಿರಲಿಲ್ಲ.

ಬೀದರ್‌ನಿಂದ ಕರ್ನಾಟಕದೊಳಗೇ ದಕ್ಷಿಣಕ್ಕೆ ಇಳಿಯುವ ರೈಲು ಇನ್ನೂ ತಡವಾಗಿ ಬಂತು. ಹುಮನಾಬಾದ್, ಕಮಲಾಪುರ ಮೇಲೆ ಕಲಬುರಗಿಗೆ ಹೋಗುವ ಸುಮಾರು 110 ಕಿಲೋಮೀಟರಿನ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1990ರ ದಶಕದಲ್ಲಿ, ಉದ್ಘಾಟನೆ 2017ರ ಅಕ್ಟೋಬರ್ 29ರಂದು. ನಿಕಿತಿನ್ ಒಂಬತ್ತು ಕೋವ್ ಎಂದು ಬರೆದ ದೂರಕ್ಕೆ ಹಳಿ ಹಾಸಲು ಎರಡು ದಶಕ ಹಿಡಿಯಿತು. ನಡುವೆ ಮರಗುತ್ತಿ ಬಳಿ ಗುಡ್ಡ ಕೊರೆದು ಸುರಂಗ ಮಾಡಬೇಕಾಯಿತು ನಿಜ, ಆದರೆ ತಡಕ್ಕೆ ಗುಡ್ಡವೊಂದೇ ಕಾರಣವಲ್ಲ. ವರ್ಷ ವರ್ಷವೂ ಹನಿ ಹನಿಯಾಗಿ ಬಂದ ಹಣದ ಪಾಲು ಹೆಚ್ಚು.

ಆಕಾಶದ ಕಥೆ ಇದಕ್ಕಿಂತ ವಿಚಿತ್ರ. ಬೆಂಗಳೂರಿನಲ್ಲಿ ಹುಟ್ಟಿದ ವಿಮಾನಗಳು ಬೀದರ್ ಆಕಾಶದಲ್ಲಿ ದಶಕಗಳಿಂದ ಹಾರುತ್ತಿದ್ದವು. ಬೀದರ್‌ನಲ್ಲಿರುವುದು ಭಾರತೀಯ ವಾಯುಪಡೆಯ ಮುಖ್ಯ ತರಬೇತಿ ನೆಲೆಗಳಲ್ಲೊಂದು. ಹೊಸ ಪೈಲಟ್‌ಗಳು ಕಲಿಯುತ್ತಿದ್ದ ಕಿರಣ್ ವಿಮಾನಗಳು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು. 1996ರಲ್ಲಿ ಬೀದರ್‌ನಲ್ಲೇ ರೂಪುಗೊಂಡ ‘ಸೂರ್ಯಕಿರಣ’ ವೈಮಾನಿಕ ಪ್ರದರ್ಶನ ತಂಡ ಹಾರಿಸಿದ್ದೂ ಅದೇ ಕಿರಣ್. 2008ರ ಫೆಬ್ರವರಿಯಲ್ಲಿ ಇಲ್ಲಿ ವಾಯುಪಡೆಗೆ ಸೇರಿದ ಹಾಕ್ ಜೆಟ್‌ಗಳ ಬಹುಪಾಲನ್ನೂ ಎಚ್‌ಎಎಲ್ ಜೋಡಿಸಿಕೊಟ್ಟಿತು. ಹೊಲದಲ್ಲಿ ತೊಗರಿಯ ಕಳೆ ಕೀಳುವವರ ತಲೆಯ ಮೇಲೆ ಬೆಳಗಿನಿಂದ ಜೆಟ್ಟುಗಳು ಗುಂಯ್‌ಗುಡುತ್ತ ಸುತ್ತು ಹಾಕುವುದು ಈ ಸೀಮೆಯಲ್ಲಿ ಕೊಕ್ಕರೆ ಹಾರಿದಷ್ಟೇ ಸಹಜ. ರನ್‌ವೇ ಇತ್ತು, ಕಂಟ್ರೋಲ್ ಟವರ್ ಇತ್ತು. ಟಿಕೆಟ್ ಕೊಂಡು ಹತ್ತುವ ವಿಮಾನ ಮಾತ್ರ ಇರಲಿಲ್ಲ.

ಅದಕ್ಕೆ ಅಡ್ಡಬಂದದ್ದೂ ಒಂದು ದೂರವೇ. ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ ಕಟ್ಟಿದ ಜಿಎಂಆರ್ ನೇತೃತ್ವದ ಕಂಪನಿಯೊಂದಿಗೆ ಕೇಂದ್ರ ಸರ್ಕಾರ 2004ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, 150 ಕಿಲೋಮೀಟರ್ ಒಳಗೆ 25 ವರ್ಷ ಪೈಪೋಟಿಯ ನಿಲ್ದಾಣ ಬರುವಂತಿರಲಿಲ್ಲ. ಬೆಂಗಳೂರಿನ ನಿಲ್ದಾಣದ ಒಪ್ಪಂದದಲ್ಲೂ ಇಂಥದೇ ಷರತ್ತು ಇತ್ತು, ಮೈಸೂರು ಮತ್ತು ಹಾಸನಕ್ಕೆ ಮಾತ್ರ ವಿನಾಯಿತಿ. ಲೆಕ್ಕ ಹಿಡಿದದ್ದು ಆಕಾಶದ ದೂರ, ರಸ್ತೆಯದಲ್ಲ. ಬೀದರ್‌ನಿಂದ ಶಂಶಾಬಾದಿಗೆ ನೇರ ಗೆರೆ ಸುಮಾರು 124 ಕಿಲೋಮೀಟರ್. ಹೀಗೆ ಇಪ್ಪತ್ತಾರು ಕಿಲೋಮೀಟರಿನ ಕೊರತೆಗೆ ಬೀದರ್ ಸಿಕ್ಕಿಬಿತ್ತು. ಶಂಶಾಬಾದ್ 2008ರ ಮಾರ್ಚ್‌ನಲ್ಲಿ, ದೇವನಹಳ್ಳಿ ಅದೇ ವರ್ಷದ ಮೇ ತಿಂಗಳಲ್ಲಿ ತೆರೆದವು. ಬೀದರ್ ವಾಯುನೆಲೆಯ ಅಂಚಿನ ಚಿದ್ರಿಯಲ್ಲಿ ಎದ್ದ ಸಣ್ಣ ಟರ್ಮಿನಲ್ ಕಟ್ಟಡ ಮಾತ್ರ ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತಿತು. ಆ ವರ್ಷ ಬೀದರ್‌ನವರ ಪ್ರಯಾಣವನ್ನು ನಿಜಕ್ಕೂ ಕಡಿಮೆ ಮಾಡಿದ್ದು ವಿಮಾನವಲ್ಲ, ಜುಲೈನಲ್ಲಿ ಕಲಬುರಗಿಯಲ್ಲಿ ಶುರುವಾದ ಹೈಕೋರ್ಟ್ ಸಂಚಾರಿ ಪೀಠ. ಜಮೀನು ವ್ಯಾಜ್ಯದ ಕಾಗದ ಹಿಡಿದು ಬೆಂಗಳೂರಿಗೆ ರಾತ್ರಿಯಿಡೀ ಹೋಗುವುದು ಅಂದಿನಿಂದ ತಪ್ಪಿತು.

ಬೀಗ ತೆರೆಯಲು ಎರಡು ಸಂಗತಿ ಕೂಡಿ ಬರಬೇಕಾಯಿತು. ಒಂದು, ಸಣ್ಣ ಊರುಗಳಿಗೆ ವಿಮಾನ ಹಾರಿಸಲೆಂದು 2016ರಲ್ಲಿ ಬಂದ ಕೇಂದ್ರದ ಉಡಾನ್ ಯೋಜನೆ. ಅದರಲ್ಲಿ ಸುಮಾರು 500 ಕಿಲೋಮೀಟರ್, ಅಂದರೆ ಒಂದು ತಾಸಿನ ಹಾರಾಟದ ಅರ್ಧದಷ್ಟು ಸೀಟುಗಳಿಗೆ 2,500 ರೂಪಾಯಿ ಮಿತಿ, ಕಂಪನಿಯ ನಷ್ಟದ ಅಂತರವನ್ನು ಮೂರು ವರ್ಷ ಸರ್ಕಾರವೇ ತುಂಬಿಕೊಡುವುದು ಎಂದಿತ್ತು. ಬೀದರ್–ಬೆಂಗಳೂರು ಈ ಅಳತೆಗೆ ಹೊಲಿಸಿದ ಅಂಗಿಯಂತೆ ಕೂತಿತು. ಎರಡನೆಯದು, ಷರತ್ತಿನ ಹಕ್ಕುದಾರರೇ ಒಪ್ಪಿ ಬೀದರ್ ಟರ್ಮಿನಲ್ ನಡೆಸುವ ಹೊಣೆ ಹೊತ್ತದ್ದು. 2020ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ನಿಲ್ದಾಣ ಉದ್ಘಾಟಿಸಿದರು. ಟ್ರೂಜೆಟ್ ಕಂಪನಿಯ ಎಟಿಆರ್–72 ವಿಮಾನ ಬೆಂಗಳೂರಿನೊಂದಿಗೆ ಓಡಾಟ ಆರಂಭಿಸಿತು. ಆರೇಳು ವಾರಗಳಲ್ಲಿ ಕೋವಿಡ್ ಬಂತು, ಮಾರ್ಚ್ 25ರಿಂದ ಎರಡು ತಿಂಗಳು ದೇಶದ ಆಕಾಶವೇ ಖಾಲಿಯಾಯಿತು.

ಹಾರಾಟದ ಸಮಯ ಎಂದು ಟಿಕೆಟ್ಟಿನಲ್ಲಿ ಅಚ್ಚಾಗುವುದು ಗಾಳಿಯಲ್ಲಿರುವ ಸಮಯವಲ್ಲ. ಗಾಲಿಗಿಟ್ಟ ಅಡ್ಡಗಟ್ಟೆ ತೆಗೆದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಮತ್ತೆ ಅಡ್ಡಗಟ್ಟೆ ಇಡುವವರೆಗಿನ ಸಮಯ ಅದು, ವೈಮಾನಿಕರ ಮಾತಿನಲ್ಲಿ ‘ಬ್ಲಾಕ್ ಟೈಮ್’. ರೆಕ್ಕೆಯ ಮೇಲೆ ಪಂಖ ಇರುವ ಎಟಿಆರ್ ತಾಸಿಗೆ 500 ಕಿಲೋಮೀಟರಿನ ಆಸುಪಾಸು ಹಾರುತ್ತದೆ. 520 ಕಿಲೋಮೀಟರಿಗೆ ಏರುವ, ಇಳಿಯುವ ನಿಧಾನವನ್ನೂ ಸೇರಿಸಿದರೆ ಒಂದೂಕಾಲು ತಾಸು, ನೆಲದ ಮೇಲಿನ ಓಡಾಟ ಕೂಡಿ ಸುಮಾರು ಒಂದು ತಾಸು ನಲವತ್ತು ನಿಮಿಷ. ಎಂಬ್ರೇಯರ್ ಜೆಟ್ ತಾಸಿಗೆ 750 ಕಿಲೋಮೀಟರ್ ಮೀರುತ್ತದೆ, ಆದರೆ ಇಷ್ಟು ಸಣ್ಣ ಹಾದಿಯಲ್ಲಿ ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಸರದಿ ಬಂದಿರುತ್ತದೆ. ಅದಕ್ಕೆ ಒಟ್ಟು ಒಂದು ತಾಸು ಹತ್ತು–ಹದಿನೈದು ನಿಮಿಷ ಹಿಡಿಯುತ್ತದೆ. ಮುಂಬೈ–ಕೊಲ್ಕತ್ತದಂಥ ಪೂರ್ವ–ಪಶ್ಚಿಮ ಹಾದಿಯಲ್ಲಿ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಗಾಳಿಯಿಂದ ವ್ಯತ್ಯಾಸ ಬೀಳುತ್ತದೆ. ಬೀದರ್–ಬೆಂಗಳೂರು ದಕ್ಷಿಣೋತ್ತರ ಹಾದಿಯಾದ್ದರಿಂದ ಎತ್ತರದ ಗಾಳಿ ಪಕ್ಕದಿಂದ ಬಡಿಯುತ್ತದೆ, ಹೋಗುವ ಬರುವ ಸಮಯ ಬಹುಮಟ್ಟಿಗೆ ಒಂದೇ. ವೇಳಾಪಟ್ಟಿಯನ್ನು ಕಟ್ಟಿಹಾಕುವುದು ಬೇರೆ ಸಂಗತಿ. ರನ್‌ವೇ ವಾಯುಪಡೆಯದು, ತರಬೇತಿ ಹಾರಾಟದ ಹೊತ್ತು ಬಿಟ್ಟು ನಾಗರಿಕ ವಿಮಾನ ಇಳಿಯಬೇಕು.

ಟ್ರೂಜೆಟ್ 2022ರ ಆರಂಭದಲ್ಲಿ ಹಾರಾಟ ನಿಲ್ಲಿಸಿತು. ಅದೇ ವರ್ಷದ ಜೂನ್‌ನಲ್ಲಿ ಸ್ಟಾರ್ ಏರ್ ಎಂಬ್ರೇಯರ್ ಜೆಟ್ ತಂದಿತು, 2023ರ ಕೊನೆಗೆ ಅದೂ ನಿಂತಿತು. 2019ರ ನವೆಂಬರ್‌ನಲ್ಲಿ ತೆರೆದಿದ್ದ ಕಲಬುರಗಿ ನಿಲ್ದಾಣಕ್ಕೆ ಎರಡು–ಎರಡೂವರೆ ತಾಸು ಕಾರಿನಲ್ಲಿ ಹೋಗಿ ಹಾರುವುದು, ಇಲ್ಲವೇ ಹಳೆಯ ರೂಢಿಯಂತೆ ಹೈದರಾಬಾದ್ ಹಿಡಿಯುವುದು ಮತ್ತೆ ವಾಡಿಕೆಯಾಯಿತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರದ ನೆರವಿನಿಂದ ಬೆಂಗಳೂರು ವಿಮಾನ ಪುನಃ ಶುರುವಾಯಿತು. ಐದು ವರ್ಷದಲ್ಲಿ ಮೂರು ಸಲ ಆರಂಭ, ಎರಡು ಸಲ ಅಂತ್ಯ. ದೂರ ಮೂರು ಸಲವೂ ಅದೇ 520 ಕಿಲೋಮೀಟರ್.

ಮನೆಯ ಹೊಸ್ತಿಲಿನಿಂದ ಲೆಕ್ಕ ಹಾಕಿದರೆ ಅಂಕಿಗಳು ಬೇರೆ ಆಗುತ್ತವೆ. ಕಮಠಾಣದಿಂದ ಟಂಟಂ ಹಿಡಿದು ಬೀದರ್‌ಗೆ ಬಂದು, ಊರು ದಾಟಿ ಚಿದ್ರಿ ಟರ್ಮಿನಲ್ ಮುಟ್ಟಲು ಮುಕ್ಕಾಲು ತಾಸು. ತಪಾಸಣೆಗೆಂದು ಒಂದೂವರೆ ತಾಸು ಮೊದಲು ಅಲ್ಲಿರಬೇಕು. ಜೆಟ್ಟಿನಲ್ಲಿ ಒಂದೂಕಾಲು ತಾಸು. ದೇವನಹಳ್ಳಿಯಲ್ಲಿ ಇಳಿದ ಮೇಲೆ ಬೆಂಗಳೂರಿನ ಮೆಜೆಸ್ಟಿಕ್ ಇನ್ನೂ 35 ಕಿಲೋಮೀಟರ್ ಉಳಿದಿರುತ್ತದೆ. ಹೆಬ್ಬಾಳದ ವಾಹನ ಸಂದಣಿ ಬಿಡುಗಡೆ ಮಾಡಿದರೆ ಒಂದು ತಾಸು, ಇಲ್ಲದಿದ್ದರೆ ಒಂದೂವರೆ. ಒಟ್ಟು ನಾಲ್ಕೂವರೆ–ಐದು ತಾಸಿನ ಪ್ರಯಾಣ, ಅದರಲ್ಲಿ ವಿಮಾನ ಗಾಳಿಯಲ್ಲಿರುವುದು ಒಂದು ತಾಸಿಗಿಂತ ಹೆಚ್ಚಿಲ್ಲ. ರೈಲಿಗೆ ಹನ್ನೆರಡು–ಹದಿಮೂರು ತಾಸು ಬೇಕು. ಹೊತ್ತು ಮುಳುಗಿದ ಮೇಲೆ ಮಲಗಿಕೊಂಡು ಹೋಗುವ ಆ ದಾರಿಯನ್ನು ಕಮಠಾಣ, ಭಾಲ್ಕಿ, ಔರಾದಿನವರು ವಿಮಾನ ಬಂದ ಮೇಲೂ ಬಿಟ್ಟಿಲ್ಲ.